ಲಾಭ, ಎರಡು, ಮೂರು

ಚಲುವಯ್ಯನಿಗೆ ತನ್ನ ಬೀಗರ ಮೇಲೆ ಹೊಟ್ಟೆಕಿಚ್ಚಿತ್ತು. ಇದನ್ನು ಸುತ್ತಿ ಬಳಸಿ ಹೇಳುವುದರಲ್ಲಿ ಅರ್ಥವಿಲ್ಲ. ಬೇರೆಯವರಾದರೆ ಬೇಸರ, ಮುನಿಸು, ಮನಸ್ತಾಪ ಎಂದು ಏನಾದರೊಂದು ಹೆಸರಿಟ್ಟು ಮೇಲೊಂದು ಟವಲು ಹೊದಿಸುತ್ತಿದ್ದರು. ಚಲುವಯ್ಯ ಹಾಗಲ್ಲ. ಒಂದು ದಿನ ಹೆಂಡತಿ ಗೋವಿಂದಮ್ಮನ ಮುಂದೆ ಕೂತು ಹೇಳಿಯೇಬಿಟ್ಟ.

“ನಂಗೆ ಆ ಜವರಯ್ಯನ್ನ ಕಂಡ್ರೆ ಒಟ್ಟೆ ಉರೀತದೆ ಕಣಮ್ಮಿ.”

ಸೊಪ್ಪು ಸೋಸುತ್ತಿದ್ದ ಗೋವಿಂದಮ್ಮ ತಲೆಯೆತ್ತಲೂ ಇಲ್ಲ. “ಮಜ್ಜಿಗೆ ಕುಡೀರಿ” ಎಂದಳು.

ಮಜ್ಜಿಗೆಗೆ ಹೋಗುವ ಉರಿಯಾಗಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಹಾಗೆಂದು ಚಲುವಯ್ಯ ಕೆಟ್ಟ ಮನುಷ್ಯನೇನಲ್ಲ. ಹುಟ್ಟಿದ್ದು ಚಿಕ್ಕಯ್ಯನಛತ್ರದ ಹತ್ತಿರದ ಒಂದು ಹಳ್ಳಿಯಲ್ಲಿ. ಎಂಟನೇ ಕ್ಲಾಸಿಗೆ ಓದು ನಿಂತಿತು. ಇಪ್ಪತ್ತೆಂಟನೇ ವಯಸ್ಸಿಗೆ ನಂಜನಗೂಡಿನ ಕಾಲೇಜೊಂದರಲ್ಲಿ ಜವಾನನಾಗಿ ಸೇರಿದ. ಎರಡೇ ವರ್ಷಕ್ಕೆ ಅವನನ್ನು ಫಿಸಿಕ್ಸ್ ಲ್ಯಾಬಿಗೆ ಹಾಕಿದರು, ಹಾಕಿದವರು ಮರೆತರು, ಅವನು ಅಲ್ಲೇ ಉಳಿದ. ಆಗಿದ್ದ ಶಂಕರನಾರಾಯಣ ಮೇಷ್ಟ್ರು ಒಳ್ಳೆಯವರು. ಸಾಮಾನು ಒರೆಸಿಡು ಎಂದು ಹೇಳಿ ಸುಮ್ಮನಾಗದೆ, ಯಾವ ಸಾಮಾನು ಏನು ಮಾಡುತ್ತದೆ ಎನ್ನುವುದನ್ನೂ ಹೇಳಿಕೊಟ್ಟರು. ಮೇಷ್ಟ್ರು ರಿಟೈರಾಗಿ ಹೋದ ಮೇಲೆ ಬಂದ ಹೊಸ ಹುಡುಗ ಮೇಷ್ಟ್ರುಗಳು ಚಲುವಯ್ಯನನ್ನೇ ಕೇಳಿ ಪ್ರಾಕ್ಟಿಕಲ್ ಮಾಡಿಸುವಂತಾಯಿತು. ಕಾಲೇಜಿನಲ್ಲಿ ಅವನು ಹಕಾರ ಹಾಕಿಕೊಂಡು ಮಾತಾಡುತ್ತಿದ್ದ. ಮನೆಗೆ ಬಂದರೆ ಚಪ್ಪಲಿಯ ಜೊತೆ ಅದನ್ನೂ ಬಾಗಿಲಲ್ಲೇ ಬಿಡುತ್ತಿದ್ದ.

ಎಲ್ಲ ಪ್ರಯೋಗಗಳಲ್ಲೂ ಅವನಿಗೆ ಬಲು ಇಷ್ಟವಾದದ್ದು ಸ್ಪ್ರಿಂಗಿನದು. ಸ್ಟ್ಯಾಂಡಿಗೆ ಸ್ಪ್ರಿಂಗು ತೂಗುಹಾಕಬೇಕು, ಅದರ ತುದಿಗೆ ತೂಕ ಸಿಕ್ಕಿಸಬೇಕು, ಸ್ವಲ್ಪ ಕೆಳಕ್ಕೆ ಎಳೆದು ಬಿಡಬೇಕು. ತೂಕ ಮೇಲೆ ಕೆಳಗೆ ಆಡುತ್ತದೆ. ಇಪ್ಪತ್ತು ಸಲ ಆಡುವುದಕ್ಕೆ ಎಷ್ಟು ಸೆಕೆಂಡು ಹಿಡಿಯಿತೆಂದು ಸ್ಟಾಪ್‌ವಾಚಿನಲ್ಲಿ ನೋಡಿ ಇಪ್ಪತ್ತರಿಂದ ಭಾಗಿಸಿದರೆ ಒಂದು ಆಟಕ್ಕೆ ಎಷ್ಟು ಹೊತ್ತು ಎಂದು ಸಿಗುತ್ತದೆ. ಪುಸ್ತಕದಲ್ಲಿ ಅದಕ್ಕೆ ಆಂದೋಲನಾವಧಿ ಎಂಬ ಭಾರಿ ಹೆಸರಿದೆ. ಚಲುವಯ್ಯ ‘ಆಟದ ಟೈಮು’ ಎನ್ನುತ್ತಿದ್ದ. ತೂಕ ಹೆಚ್ಚಿದರೆ ಆಟ ನಿಧಾನ, ಸ್ಪ್ರಿಂಗು ಗಡುಸಾದರೆ ಆಟ ಚುರುಕು. ಇನ್ನೊಂದಿದೆ, ಅದನ್ನು ಹೇಳುವಾಗ ಅವನ ಮುಖ ಅರಳುತ್ತಿತ್ತು: ಒಂದಂಗುಲ ಎಳೆದು ಬಿಟ್ಟರೂ ಅಷ್ಟೇ ಹೊತ್ತು, ಮೂರಂಗುಲ ಎಳೆದು ಬಿಟ್ಟರೂ ಅಷ್ಟೇ ಹೊತ್ತು. ಮಕ್ಕಳು ನಂಬುತ್ತಿರಲಿಲ್ಲ. “ಎಳೆದು ನೋಡ್ಕೊಳಪ್ಪ” ಎಂದು ವಾಚು ಕೈಗೆ ಕೊಡುತ್ತಿದ್ದ.

ಅವನ ಲ್ಯಾಬಿನಲ್ಲಿ ಎರಡು ಪಾಪಗಳಿದ್ದವು. ಒಂದು, ಪಕ್ಕದವರ ರೀಡಿಂಗ್ ನೋಡಿ ನಕಲು ಹೊಡೆಯುವುದು. ಇನ್ನೊಂದು, ತೂಕ ಬಿಟ್ಟ ಕೂಡಲೇ ‘ಒಂದು’ ಎಂದು ಎಣಿಕೆ ಶುರುಮಾಡುವುದು. ಬಿಟ್ಟಾಗ ಇನ್ನೂ ಒಂದು ಆಟವೂ ಆಗಿರುವುದಿಲ್ಲ. ಹೋಗಿ ಬಂದ ಮೇಲೆ ತಾನೇ ಒಂದು? ಬಿಟ್ಟಾಗಲೇ ಒಂದು ಎಂದವನು ಇಪ್ಪತ್ತು ಎನ್ನುವ ಹೊತ್ತಿಗೆ ಆಗಿರುವುದು ಹತ್ತೊಂಬತ್ತೇ ಆಟ. ಲೆಕ್ಕವೆಲ್ಲ ಹಾಳು. “ಸೊನ್ನೆ ಅನ್ನು, ಸೊನ್ನೆ ಅನ್ನು” ಎಂದು ಚಲುವಯ್ಯ ಬೆಂಚಿನಿಂದ ಬೆಂಚಿಗೆ ಓಡುತ್ತಿದ್ದ. ಹುಡುಗರು ಅವನಿಗೆ ಸೊನ್ನೆ ಚಲುವಯ್ಯ ಎಂದೇ ಹೆಸರಿಟ್ಟಿದ್ದರು.

ಈಗ ಬೀಗರ ವಿಷಯ. ಜವರಯ್ಯ ಟಿ. ನರಸೀಪುರದವನು. ಕಣದಲ್ಲಿ ಭತ್ತ ಅಳೆಯುವುದು ಅವನ ಕಸುಬು. ಒಕ್ಕಿದ ಭತ್ತವನ್ನು ಪಾಲು ಮಾಡುವಾಗ ಎರಡೂ ಕಡೆಯವರು ನಂಬುವಂಥ ಒಬ್ಬ ಬೇಕಲ್ಲ, ಸುತ್ತಿನ ಹತ್ತು ಊರಿಗೆ ಅವನೇ ಆ ಒಬ್ಬ. ಕೊಳಗ ತುಂಬಿ ಸುರಿಯುತ್ತ ಗಟ್ಟಿಯಾಗಿ ಎಣಿಸುತ್ತಿದ್ದ. ದನಿ ಎಂದರೆ ಅಂಥಿಂಥದಲ್ಲ, ಮೂರು ಗದ್ದೆಯಾಚೆಗೆ ಕೇಳಿಸುತ್ತಿತ್ತು. ಚಲುವಯ್ಯನ ಮಗಳು ಕವನ ಮದುವೆಯಾದದ್ದು ಈ ಜವರಯ್ಯನ ಎರಡನೇ ಮಗ ಮಾದೇಶನನ್ನು. ಮಾದೇಶ ಬಸ್ ಕಂಡಕ್ಟರು.

ಉರಿ ಹತ್ತಿಕೊಂಡದ್ದು ಮದುವೆಯ ದಿನವೇ. ಹೆಣ್ಣಿನ ತಂದೆ ತಾನು, ಸರ್ಕಾರಿ ನೌಕರ ತಾನು, ಹೊಸ ಪಂಚೆ ಉಟ್ಟು ನಿಂತವನು ತಾನು. ಜನ ಮಾತ್ರ ಜವರಯ್ಯನ ಸುತ್ತ. ಅವನು ಏನೋ ಹೇಳುತ್ತಾನೆ, ಹತ್ತು ಮಂದಿ ನಗುತ್ತಾರೆ. ಚಲುವಯ್ಯನ ಸ್ವಂತ ಭಾವಮೈದ ಕೂಡ ಅಲ್ಲೇ ಕುರ್ಚಿ ಎಳೆದುಕೊಂಡು ಕೂತಿದ್ದ. ಆಮೇಲೆ ಕವನ ತವರಿಗೆ ಬಂದಾಗಲೆಲ್ಲ ಶುರುವಾಯಿತು: ಮಾವ ಉಪ್ಸಾರು ಎಷ್ಟು ಚೆನ್ನಾಗಿ ಮಾಡ್ತಾರೆ ಗೊತ್ತಾ ಅವ್ವ, ಮಾವ ನನ್ನನ್ನ ಒಂದು ದಿನವೂ ಹೋಗೇ ಬಾರೇ ಅಂದಿಲ್ಲ. ಚಲುವಯ್ಯ ಅನ್ನ ಕಲಸುತ್ತ ಕೇಳುತ್ತಿದ್ದ. ನಂಜನಗೂಡಿನ ಕಪಿಲೆ ಕೂಡ ಇಲ್ಲಿ ಎರಡು ದಿನ ನಿಲ್ಲದೆ ನೆಟ್ಟಗೆ ನರಸೀಪುರಕ್ಕೇ ಹೋಗಿ ಕಾವೇರಿಯನ್ನು ಸೇರುತ್ತದೆ. ಮಗಳದೇನು ತಪ್ಪು ಎಂದು ಕಹಿಯಾಗಿ ಅಂದುಕೊಳ್ಳುತ್ತಿದ್ದ.

ತೊಂಬತ್ತಾರರ ನವೆಂಬರಿನಲ್ಲಿ ಕವನಳಿಗೆ ಹೆಣ್ಣುಮಗುವಾಯಿತು. ಹೆಸರು ಧನುಶ್ರೀ. ಬಾಣಂತನ ನಂಜನಗೂಡಿನಲ್ಲೇ ನಡೆಯಿತು. ಆ ಐದು ತಿಂಗಳು ಚಲುವಯ್ಯ ಉರಿಯನ್ನೇ ಮರೆತಿದ್ದ. ಐದು ತಿಂಗಳು ತುಂಬಿ ಮಗು ತಂದೆಯ ಮನೆಗೆ ಹೋಯಿತು. ಮೂರು ತಿಂಗಳಾದ ಮೇಲೆ ತಾಯಿಯ ಜೊತೆ ಮತ್ತೆ ಬಂದಾಗ ಅದು ಬೇರೆಯೇ ಮಗುವಾಗಿತ್ತು. ಮಲಗುತ್ತಲೇ ಇರಲಿಲ್ಲ. ಮರದ ತೊಟ್ಟಿಲಿಗೆ ಹಾಕಿದರೆ ಅಳು, ಮಡಿಲಿಗೆ ಹಾಕಿಕೊಂಡರೆ ಅಳು, ಗೋವಿಂದಮ್ಮ ಜೋಗುಳ ಹಾಡಿದರೆ ಇನ್ನಷ್ಟು ಅಳು.

“ಅಲ್ಲಿ ಸ್ಪ್ರಿಂಗ್ ತೊಟ್ಟಿಲು ಅವ್ವ” ಎಂದಳು ಕವನ. “ಮಾವ ತೊಲೆಗೆ ಸ್ಪ್ರಿಂಗ್ ಕಟ್ಟಿ ಅದಕ್ಕೆ ಅತ್ತೆಯ ಹಳೇ ಸೀರೆ ಹಾಕವ್ರೆ. ಮಾವ ತೂಗಿದ್ರೆ ಐದು ನಿಮಿಷ ಅಷ್ಟೇ, ಮಲಗಿಬಿಡ್ತಾಳೆ.”

ಸ್ಪ್ರಿಂಗು. ಇಪ್ಪತ್ತೊಂದು ವರ್ಷ ಸ್ಪ್ರಿಂಗಿನ ಜೊತೆ ಬಾಳಿದವನು ತಾನು, ಮೊಮ್ಮಗಳನ್ನು ಸ್ಪ್ರಿಂಗಿನಲ್ಲಿ ಮಲಗಿಸುವವನು ಭತ್ತ ಅಳೆಯುವ ಜವರಯ್ಯ. ಚಲುವಯ್ಯನಿಗೆ ಕೈಗೆ ತಂದುಕೊಟ್ಟ ಕಾಫಿ ಸೇರಲಿಲ್ಲ.

ಅದೇ ವಾರ ಕವನಳಿಗೆ ಪ್ರೈಮರಿ ಸ್ಕೂಲ್ ಟೀಚರ್ ಕೆಲಸದ ಆರ್ಡರ್ ಬಂತು. ಸ್ಕೂಲು ನಂಜನಗೂಡಿಗೂ ನರಸೀಪುರಕ್ಕೂ ನಡುವೆ, ರಸ್ತೆ ಬದಿಯ ಊರಿನಲ್ಲಿ. ಎರಡು ಕಡೆಯಿಂದಲೂ ಬಸ್ಸು. ಮಾದೇಶನನ್ನು ಕೇಳಿದರೆ “ನಂಗೆ ಎರಡೂ ಊರು ಒಂದೇ, ಬಸ್ಸು ಎರಡು ಕಡೇಲೂ ನಿಲ್ತದೆ” ಎಂದ. ಕವನ ತಂದೆಯನ್ನು ಕೂರಿಸಿಕೊಂಡು ಹೇಳಿದಳು.

“ಅಪ್ಪ, ನಾನು ಮುಚ್ಚುಮರೆ ಇಲ್ಲದೆ ಹೇಳ್ತೀನಿ. ನಂಗೆ ಇಲ್ಲೇ ಇರೋಕೆ ಇಷ್ಟ. ಆದ್ರೆ ನಾನು ಸ್ಕೂಲಲ್ಲಿದ್ದಾಗ ಕೂಸು ಅತ್ತು ಅತ್ತು ಜ್ವರ ಬರಿಸ್ಕೊಂಡ್ರೆ? ಎಲ್ಲಿ ನೆಟ್ಟಗೆ ಮಲಗ್ತಾಳೋ ಅಲ್ಲೇ ಮನೆ. ಡ್ಯೂಟಿಗೆ ಸೇರೋಕೆ ಇನ್ನೂ ಹದಿನೈದು ದಿನ ಅದೆ. ಅಷ್ಟರಲ್ಲಿ ಇಲ್ಲಿ ಮಲಗಲಿಲ್ಲ ಅಂದ್ರೆ ನರಸೀಪುರಕ್ಕೆ ಹೊರಟುಬಿಡ್ತೀನಿ.”

“ಮಲಗ್ತದೆ ಬುಡವ್ವ” ಎಂದ ಚಲುವಯ್ಯ. ಮರುದಿನವೇ ಮೈಸೂರಿಗೆ ಹೋಗಿ ಅಂಗಡಿಯಲ್ಲಿದ್ದ ತೊಟ್ಟಿಲ ಸ್ಪ್ರಿಂಗುಗಳಲ್ಲಿ ಒಳ್ಳೆಯದನ್ನು ಆರಿಸಿ ತಂದ. ತೊಲೆಗೆ ಕೊಕ್ಕೆ ಹೊಡೆದು, ಗೋವಿಂದಮ್ಮನ ಮೆತ್ತನೆ ಸೀರೆ ಕಟ್ಟಿ, ಕೂಸನ್ನು ಹಾಕಿ ತೂಗಿದ. ಧನುಶ್ರೀ ಎರಡು ನಿಮಿಷ ಸೂರು ನೋಡಿತು. ಆಮೇಲೆ ಬಾಯಿ ತೆರೆಯಿತು. ಚಲುವಯ್ಯ ಇನ್ನೂ ಜೋರಾಗಿ ಎಳೆದು ಬಿಟ್ಟ.

“ಅಷ್ಟು ಎಳೀಬೇಡಿ” ಎಂದಳು ಗೋವಿಂದಮ್ಮ.

“ಎಷ್ಟ್ ಎಳುದ್ರೂ ಟೈಮು ಅಷ್ಟೇ ಕಣಮ್ಮಿ.”

“ಟೈಮು ಅಷ್ಟೇ ಇರ್ಬೋದು, ಕೂಸಿನ ಜೀವ ಜಗ್ಗೋದಿಲ್ವಾ?”

ಆಗಲೇ ಚಲುವಯ್ಯನಿಗೆ ಹೊಳೆದದ್ದು. ಸ್ಪ್ರಿಂಗು ಬೇರೆ, ಆದ್ದರಿಂದ ಆಟದ ಟೈಮು ಬೇರೆ. ಜವರಯ್ಯನ ತೊಟ್ಟಿಲ ಟೈಮಿಗೆ ಮಗುವಿನ ಮೈ ಒಗ್ಗಿಹೋಗಿದೆ. ಆ ಟೈಮನ್ನು ಇಲ್ಲಿಗೆ ತಂದರೆ ಮುಗಿಯಿತು. ಅದು ತನಗಲ್ಲದೆ ಇನ್ನಾರಿಗೆ ಗೊತ್ತು? ಅವನು ಲ್ಯಾಬಿಗೆ ಹೋಗಿ ಬೀರು ತೆಗೆದು ಸ್ಟಾಪ್‌ವಾಚನ್ನು ಅಂಗಿಯ ಜೇಬಿಗೆ ಹಾಕಿಕೊಂಡ. ಕಾಲೇಜಿನಿಂದ ಒಂದು ಗುಂಡುಸೂಜಿಯನ್ನೂ ಮನೆಗೆ ತರದವನು ಅವನು. ಹೊಟ್ಟೆಕಿಚ್ಚು ಎಂಥವನ ಕೈಯಲ್ಲೂ ಏನು ಬೇಕಾದರೂ ಮಾಡಿಸುತ್ತದೆ.

ಭಾನುವಾರ ಕೂಸನ್ನು ತಾತನಿಗೆ ತೋರಿಸಿಕೊಂಡು ಬರೋಣವೆಂದು ಮಗಳನ್ನೂ ಹೊರಡಿಸಿ ನರಸೀಪುರದ ಬಸ್ಸು ಹತ್ತಿದ. ಜವರಯ್ಯ ಜಗಲಿಯಿಂದಲೇ ಎದ್ದು ಬಂದ.

“ಬನ್ನಿ ಬೀಗ್ರೆ, ಕುಂತ್ಕಳಿ. ಎಂಗವ್ಳೆ ನಮ್ಮವ್ವ?” ಎಂದು ಕೂಸಿಗೆ ಕೈ ಚಾಚಿದ. ಆ ಹಾಳು ಕೂಸು ಚಲುವಯ್ಯನ ಹೆಗಲಿನಿಂದ ಅತ್ತ ಹಾರಿಯೇಬಿಟ್ಟಿತು.

ಊಟವಾಯಿತು. ಉಪ್ಸಾರು ನಿಜಕ್ಕೂ ಚೆನ್ನಾಗಿತ್ತು, ಅದೂ ಒಂದು ಸಂಕಟ. ಮಧ್ಯಾಹ್ನ ಕೂಸು ಕಣ್ಣುಜ್ಜಿಕೊಂಡಾಗ ಜವರಯ್ಯ ಅದನ್ನು ತೊಟ್ಟಿಲಿಗೆ ಹಾಕಿ ಪಕ್ಕದಲ್ಲಿ ಚಕ್ಕಂಬಕ್ಕಳ ಹಾಕಿ ಕೂತ. ಸೀರೆಯ ಅಂಚು ಹಿಡಿದು ಮೆಲ್ಲಗೆ ಕೆಳಕ್ಕೆ ಎಳೆದು ಬಿಟ್ಟು, ಕಣದ ದನಿಯನ್ನೇ ತಗ್ಗಿಸಿ ಎಣಿಸತೊಡಗಿದ. ಬಿಟ್ಟಾಗ “ಲಾಭಾ…” ತೊಟ್ಟಿಲು ಮೇಲೆ ಹೋಗಿ ಕೆಳಗೆ ಬಂದಾಗ “ಎರಡೂ…” ಮತ್ತೆ ಬಂದಾಗ “ಮೂರೂ…” ಇಪ್ಪತ್ತಾದ ಕೂಡಲೇ “ಖಂಡುಗಾ” ಎಂದು ಎಳೆದು, ಮತ್ತೆ ಮೊದಲಿನಿಂದ ಲಾಭ. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗವಲ್ಲವೇ, ಅದೇ ಅಭ್ಯಾಸ.

“ಎರಡು ಖಂಡುಗ ತುಂಬೋದ್ರೊಳಗೆ ಮಲಗ್ತಾಳೆ ನೋಡ್ತಿರಿ ಬೀಗ್ರೆ” ಎಂದ.

ಚಲುವಯ್ಯ ಜೇಬಿನೊಳಗೆ ಕೈಯಿಟ್ಟು ಕೂತಿದ್ದ. ಜವರಯ್ಯ ಲಾಭ ಎಂದಾಗ ವಾಚು ಒತ್ತಿದ, ಇಪ್ಪತ್ತು ಎಂದಾಗ ಮತ್ತೆ ಒತ್ತಿದ. ಇಪ್ಪತ್ತೊಂದು ಸೆಕೆಂಡು. ಎರಡನೇ ಖಂಡುಗಕ್ಕೂ ನೋಡಿದ, ಇಪ್ಪತ್ತೊಂದೇ. ಆ ಹೊತ್ತಿಗೆ ಧನುಶ್ರೀ ನಿದ್ದೆ ಹೋಗಿತ್ತು. ಜವರಯ್ಯ ತುಟಿಯ ಮೇಲೆ ಬೆರಳಿಟ್ಟು ನಕ್ಕ. ಚಲುವಯ್ಯನೂ ನಕ್ಕ, ಹಲ್ಲು ಮಾತ್ರ.

ನಂಜನಗೂಡಿಗೆ ಬಂದವನೇ ತನ್ನ ತೊಟ್ಟಿಲನ್ನು ಅಳೆದ. ಇಪ್ಪತ್ತು ಆಟಕ್ಕೆ ಹತ್ತೊಂಬತ್ತು ಸೆಕೆಂಡು. ಸ್ಪ್ರಿಂಗು ಗಡುಸು, ಆಟ ಚುರುಕು. ಹೊಸ ಸ್ಪ್ರಿಂಗು ತರಬೇಕಾಗಿಲ್ಲ, ತೂಕ ಹೆಚ್ಚಿಸಿದರೆ ಸಾಕು. ಟೈಮನ್ನು ಟೈಮಿನಿಂದಲೇ ಗುಣಿಸಿದರೆ ಅದು ತೂಕದ ಜೊತೆ ಸಮನಾಗಿ ಏರುತ್ತದೆ ಎನ್ನುವುದನ್ನು ಅವನು ಮಕ್ಕಳ ರೆಕಾರ್ಡ್ ಪುಸ್ತಕಗಳ ಗ್ರಾಫಿನಲ್ಲಿ ಸಾವಿರ ಸಲ ನೋಡಿದ್ದ. ಕೂಸು ಏಳೂವರೆ ಕೆಜಿ, ಸೀರೆ ಗೀರೆ ಅರ್ಧ, ಒಟ್ಟು ಎಂಟು. ಕ್ಯಾಲೆಂಡರಿನ ಹಿಂದೆ ಹತ್ತೊಂಬತ್ತು ಹತ್ತೊಂಬತ್ಲ, ಇಪ್ಪತ್ತೊಂದು ಇಪ್ಪತ್ತೊಂದ್ಲ ಎಂದು ಬರೆದು ಲೆಕ್ಕ ಹಾಕಿದ. ಇನ್ನೂ ಒಂದೂಮುಕ್ಕಾಲು ಕೆಜಿ ಬೇಕು. ಕಪಿಲೆಯ ದಡದಿಂದ ಮರಳು ತಂದು, ತೂಗಿ, ಚೀಲಕ್ಕೆ ಹಾಕಿ ಹೊಲಿದು ತೊಟ್ಟಿಲ ಅಡಿಗೆ ಕಟ್ಟಿದ. ಅಳೆದು ನೋಡಿದರೆ ಇಪ್ಪತ್ತು ಆಟಕ್ಕೆ ಸರಿಯಾಗಿ ಇಪ್ಪತ್ತೊಂದು.

“ಕೂಸಿನ ಅಡಿಗೆ ಮರಳು ಮೂಟೆ ಕಟ್ಟಿದ್ದೀರಲ್ಲ, ನೋಡ್ದೋರು ಏನಂದಾರು?” ಎಂದಳು ಗೋವಿಂದಮ್ಮ.

“ಸೈನ್ಸು ಅಂದಾರು.”

ಸೈನ್ಸಿನ ಮೇಲೆ ಕೂಸು ಒಂದು ವಾರ ಅತ್ತಿತು. ಕಾಲೇಜಿನಿಂದ ಮನೆ ಹತ್ತು ನಿಮಿಷದ ದಾರಿ. ಚಲುವಯ್ಯ ದಿನಾ ಮಧ್ಯಾಹ್ನ ಊಟದ ಹೊತ್ತಿಗೆ ಓಡಿ ಬಂದು ತೂಗುತ್ತಿದ್ದ. ಕೂಸು ಅವನ ಮುಖವನ್ನೇ ನೋಡಿಕೊಂಡು, ಬೇರೆ ಯಾರನ್ನೋ ಹುಡುಕುವ ಹಾಗೆ ಕತ್ತು ತಿರುಗಿಸಿ ಅಳುತ್ತಿತ್ತು. ಆ ಕತ್ತು ತಿರುಗಿಸುವುದನ್ನು ಮಾತ್ರ ಅವನಿಗೆ ಸಹಿಸಲಾಗುತ್ತಿರಲಿಲ್ಲ. ಹುಟ್ಟಿದ ದಿನ ಮೊದಲು ಎತ್ತಿಕೊಂಡವನು ತಾನು. ಐದು ತಿಂಗಳು ತನ್ನ ಹೆಗಲ ಮೇಲೆ ಹಾಲು ಕಕ್ಕಿದ ಕೂಸಿಗೆ ಮೂರು ತಿಂಗಳಿನಲ್ಲಿ ತಾನು ಯಾರೂ ಅಲ್ಲದವನಾದ. ಕವನ ಒಳಗೆ ಬಟ್ಟೆ ಮಡಿಸಿ ಚೀಲಕ್ಕೆ ತುಂಬುತ್ತಿದ್ದಳು. ಇನ್ನು ನಾಲ್ಕು ದಿನ ಉಳಿದಿತ್ತು.

ಅಂದು ಲ್ಯಾಬಿನಲ್ಲಿ ಸ್ಪ್ರಿಂಗಿನ ಪ್ರಯೋಗ. ಸುಚೇತಾ ಎಂಬ ಹುಡುಗಿ ತೂಕ ಎಳೆದು ಬಿಟ್ಟು “ಒಂದು” ಎಂದಳು.

“ಸೊನ್ನೆ ಅನ್ನಮ್ಮ” ಎಂದ ಚಲುವಯ್ಯ, ಅಭ್ಯಾಸಬಲದಿಂದ. “ಬಿಟ್ಟಾಗಲೇ ಒಂದು ಅಂದ್ರೆ ಕೊನೇಗೆ ಹತ್ತೊಂಬತ್ತೇ ಆಗಿರ್ತದೆ.”

“ನಮ್ಮನೇಲಿ ಹಂಗೇ ಎಣಿಸೋದು ಸರ್. ರಾಗಿ ಅಳೆಯುವಾಗ ನಮ್ಮಜ್ಜಿ ಮೊದಲನೇ ಸೇರು ಹಾಕ್ತಾನೇ ಲಾಭ ಅಂತಾರೆ.”

“ರಾಗಿ ಬೇರೆ ಕಣಮ್ಮ. ಸೇರು ಹಾಕಿದ್ರೆ ಒಂದು ಆಯ್ತು. ಇದು…”

ಸುಚೇತಾ ಅವನ ಮುಖ ನೋಡಿದಳು. ಚಲುವಯ್ಯ ಸ್ಟೂಲಿನ ಮೇಲೆ ಕೂತುಕೊಂಡ.

ಮೊದಲನೇ ಅಳತೆಗೆ ಯಾರೂ ಬಾಯಿಬಿಟ್ಟು ಒಂದು ಎನ್ನುವುದಿಲ್ಲ, ಒಳ್ಳೆಯದಾಗಲೆಂದು ಲಾಭ ಎನ್ನುತ್ತಾರೆ. ಲಾಭ ಎಂದರೇ ಒಂದು. ಅದಾದ ಮೇಲೆ ಎರಡು. ಇದು ಚಲುವಯ್ಯನಿಗೆ ಗೊತ್ತಿರಲಿಲ್ಲವೇ? ಅವನ ಅವ್ವ ರಾಗಿ ಅಳೆದದ್ದನ್ನು ಮೊಣಕಾಲ ಬಳಿ ಕೂತು ನೋಡಿ ಬೆಳೆದವನು ಅವನು. ಆದರೆ ಅವತ್ತು ನರಸೀಪುರದಲ್ಲಿ ಜವರಯ್ಯನ ಬಾಯಿಂದ ಬಂದ ಲಾಭ ಅವನಿಗೆ ಬರೀ ಜಂಬವಾಗಿ ಕೇಳಿಸಿತ್ತು. ನಾನು ಸೊನ್ನೆಯಿಂದ ಶುರುಮಾಡುವವನು, ಇವನು ನೋಡಿ ಲಾಭದಿಂದ ಎಂದು ಮನಸ್ಸು ಕುದಿಯುತ್ತಿತ್ತು. ಆ ಕುದಿತದಲ್ಲಿ, ಲಾಭವಾದ ಮೇಲೆ ಒಂದು ಬರಲೇ ಇಲ್ಲ, ನೆಟ್ಟಗೆ ಎರಡಕ್ಕೆ ಹೋಯಿತು ಎಂಬುದು ಕಿವಿಗೆ ಬೀಳಲಿಲ್ಲ. ಇಪ್ಪತ್ತೊಂದು ಸೆಕೆಂಡಿನಲ್ಲಿ ಆಗಿದ್ದದ್ದು ಹತ್ತೊಂಬತ್ತು ಆಟ. ಎರಡು ದಶಕ ಮಕ್ಕಳಿಗೆ ಬೈದು ಬೈದು ಬಿಡಿಸಿದ ತಪ್ಪನ್ನು ಸೊನ್ನೆ ಚಲುವಯ್ಯ ತಾನೇ ಮಾಡಿದ್ದ.

ಮಧ್ಯಾಹ್ನ ಮನೆಗೆ ಹೋಗಿ ಊಟಕ್ಕೂ ಕೂರದೆ ಲೆಕ್ಕ ತಿದ್ದಿದ. ಇನ್ನೊಂದು ಕೆಜಿ ಮರಳು ಬೇಕು. ಚೀಲ ಬಿಚ್ಚಿ ತುಂಬಿಸಿ ಕಟ್ಟಿದ. ಕೂಸನ್ನು ಹಾಕಿ, ವಾಚು ಹಿಡಿದು, “ಸೊನ್ನೆ, ಒಂದು, ಎರಡು” ಎಂದು ಅಳೆದ. ಈಗ ನರಸೀಪುರದ ತೊಟ್ಟಿಲಿಗೂ ಇದಕ್ಕೂ ಕೂದಲೆಳೆಯ ವ್ಯತ್ಯಾಸವಿಲ್ಲ. ಧನುಶ್ರೀ ಕತ್ತು ತಿರುಗಿಸಿತು, ಹುಡುಕಿತು, ಅತ್ತಿತು.

ಚಲುವಯ್ಯ ತೂಗುವುದನ್ನು ನಿಲ್ಲಿಸಿದ. ಇನ್ನೇನು ಉಳಿದಿದೆ? ಎಲ್ಲಿಯಾದರೂ ಇನ್ನೂ ತಪ್ಪಿದೆಯೇ ಎಂದು ನೋಡಲು ಜವರಯ್ಯ ಮಾಡಿದ್ದನ್ನೇ ಮೊದಲಿನಿಂದ ಮಾಡಿ, ಅವನ ಎಣಿಕೆಯಲ್ಲೇ ಇಪ್ಪತ್ತೊಂದು ಸೆಕೆಂಡು ಬರುತ್ತದೋ ಇಲ್ಲವೋ ಪರೀಕ್ಷಿಸೋಣ ಎಂದುಕೊಂಡ. ಸೀರೆಯ ಅಂಚು ಹಿಡಿದು ಮೆಲ್ಲಗೆ ಎಳೆದ. ಬಿಡುವಾಗ ವಾಚು ಒತ್ತಿ, ಜವರಯ್ಯ ಎಳೆಯುವ ಹಾಗೆಯೇ ಎಳೆದು ಹೇಳಿದ.

“ಲಾಭಾ…”

ಅಳು ನಿಂತಿತು.

“ಎರಡೂ… ಮೂರೂ…”

ಕೂಸು ಇವನ ಕಡೆ ತಿರುಗಿತು. ಹುಡುಕುತ್ತಿದ್ದದ್ದು ಸಿಕ್ಕಿತೆಂಬಂತೆ ಅವನ ಬಾಯನ್ನೇ ನೋಡಿತು. ಮರಳಲ್ಲ, ಸ್ಪ್ರಿಂಗಲ್ಲ, ಟೈಮಲ್ಲ. ಅದಕ್ಕೆ ಬೇಕಾಗಿದ್ದದ್ದು ಎಣಿಕೆ. ಇಪ್ಪತ್ತು ಬಂತು, ಚಲುವಯ್ಯ ವಾಚು ಒತ್ತಲಿಲ್ಲ. “ಖಂಡುಗಾ” ಎಂದ. ಎರಡನೇ ಖಂಡುಗ ತುಂಬುವ ಮೊದಲೇ ಧನುಶ್ರೀ ಕಣ್ಣು ಮುಚ್ಚಿತು. ಅವನ ಕೈಯಲ್ಲಿ ವಾಚು ಓಡುತ್ತಲೇ ಇತ್ತು.

ಕವನ ಬಾಗಿಲಲ್ಲಿ ನಿಂತು ನೋಡಿದಳು. “ಮಲಗಿದ್ಲಾ ಅಪ್ಪ?” ಎಂದು ಪಿಸುಗುಟ್ಟಿದಳು.

“ಮಲಗಿದ್ಲು. ಮರಳು ಸಾಲ್ದಾಗಿತ್ತು” ಎಂದ ಚಲುವಯ್ಯ.

ಸುಳ್ಳು. ಆದರೆ ಆ ಸುಳ್ಳನ್ನೇ ಮನೆಯವರು ನಂಬಿದರು. ಒಬ್ಬನೇ ಇದ್ದಾಗ ಮಾತ್ರ, ಬಾಗಿಲು ಮುಂದೆ ಮಾಡಿಕೊಂಡು, ತಗ್ಗಿದ ದನಿಯಲ್ಲಿ ಅವನು ಲಾಭ, ಎರಡು, ಮೂರು ಎಣಿಸುತ್ತಿದ್ದ. ಗೋವಿಂದಮ್ಮನಿಗೆ ಗೊತ್ತಾಗಲು ಎರಡು ದಿನವೂ ಬೇಕಾಗಲಿಲ್ಲ. ಅವನು ಕಾಲೇಜಿನಲ್ಲಿದ್ದಾಗ ತಾನೂ ಹಾಗೆಯೇ ಎಣಿಸಿ ಮಲಗಿಸತೊಡಗಿದಳು. ಕವನ ಚೀಲದಿಂದ ಬಟ್ಟೆಗಳನ್ನು ತೆಗೆದು ಮತ್ತೆ ಬೀರುವಿಗೆ ಇಟ್ಟಳು. ಸ್ಟಾಪ್‌ವಾಚು ಕಾಲೇಜಿಗೆ ಮರಳಿತು.

ಸುದ್ದಿ ತಿಳಿಸಲು ನರಸೀಪುರಕ್ಕೆ ಹೋಗಿ ಬಂದ ಮಗಳನ್ನು ಚಲುವಯ್ಯ ಕೇಳಿದ.

“ಏನಂದ್ರು ನಿಮ್ ಮಾವ?”

“ಮಲಗ್ತಾಳಾ ಅಂದ್ರು. ಚೆನ್ನಾಗಿ ಮಲಗ್ತಾಳೆ ಮಾವ ಅಂದೆ. ಅಷ್ಟು ಸಾಕು ಬುಡವ್ವ ಅಂತ ತೊಟ್ಟಿಲ ಸೀರೆ ಬಿಚ್ಚಿ ಮಡಿಸಿ ಇಟ್ರು.”

ಗೆದ್ದವನಿಗೆ ಆಗಬೇಕಾದಷ್ಟು ಖುಷಿ ಚಲುವಯ್ಯನಿಗೆ ಆಗಲಿಲ್ಲ. ಮಗು ತನ್ನದಾಯಿತು, ಆದರೆ ಅದು ಮಲಗುವುದು ಜವರಯ್ಯನ ಎಣಿಕೆಗೆ. ತನ್ನ ಬಾಯಿಂದಲೇ ಅವನ ದನಿ. ಇದಕ್ಕಿಂತ ಹೊಟ್ಟೆ ಉರಿಸುವ ಗೆಲುವು ಇನ್ನಾರಿಗೆ ಸಿಕ್ಕೀತು? ಜವರಯ್ಯ ತಿಂಗಳಿಗೋ ಎರಡು ತಿಂಗಳಿಗೋ ಬಂದಾಗ ಚಲುವಯ್ಯನ ಬಾಯಿ ಹೊಲಿದಿರುತ್ತಿತ್ತು. ಕೂಸು ಎಷ್ಟೇ ರಚ್ಚೆ ಹಿಡಿದರೂ ಆ ದಿನ ಎಣಿಕೆ ಇಲ್ಲ. “ಒಸಬರನ್ನ ಕಂಡು ಅಳ್ತಾಳೆ” ಎಂದು ಒಮ್ಮೆ ಜವರಯ್ಯನ ಮುಖಕ್ಕೇ ಅಂದಿದ್ದ. ಜವರಯ್ಯ ಕೂಸಿನ ಕಾಲು ಮುಟ್ಟಿ ಕೈ ಹಿಂದಕ್ಕೆ ತೆಗೆದುಕೊಂಡಿದ್ದ. ಅಷ್ಟರಲ್ಲಿ ಅವನ ಹಿರಿಸೊಸೆಗೂ ಮಗುವಾಗಿ ನರಸೀಪುರದ ಸ್ಪ್ರಿಂಗಿಗೆ ಬೇರೆ ಕೂಸು ಬಂದಿತ್ತು.

ಹೀಗೆ ಮೂರು ವರ್ಷ ಕಳೆಯಿತು. ತೊಟ್ಟಿಲು ಅಟ್ಟ ಸೇರಿತು, ಮರಳು ಹಿತ್ತಲಿನ ಕರಿಬೇವಿನ ಬುಡಕ್ಕೆ ಹೋಯಿತು. ಎರಡು ಸಾವಿರದ ಡಿಸೆಂಬರಿನಲ್ಲಿ ಒಂದು ಭಾನುವಾರ ಜವರಯ್ಯ ಒಂದು ಚೀಲ ಸೊಗಡಿನ ಅವರೆಕಾಯಿ ಹೊತ್ತುಕೊಂಡು ಬಂದ. ದನಿ ಸ್ವಲ್ಪ ಕುಗ್ಗಿತ್ತು. ಈಗೀಗ ಕಣಕ್ಕೆ ತೂಕದ ಮಿಷನ್ನೇ ಬರುತ್ತದೆ, ಕೊಳಗ ಯಾರಿಗೆ ಬೇಕು ಎಂದ. ಎಲ್ಲರೂ ಜಗಲಿಯಲ್ಲಿ ಕೂತು ಕಾಯಿ ಬಿಡಿಸುತ್ತಿದ್ದರು. ನಾಲ್ಕು ತುಂಬಿದ ಧನುಶ್ರೀ ಬಿಡಿಸಿದ ಕಾಳನ್ನು ಒಂದು ಲೋಟಕ್ಕೆ ತುಂಬಿ ತುಂಬಿ ಮೊರಕ್ಕೆ ಸುರಿಯುತ್ತಿದ್ದಳು. ಮೊದಲನೇ ಲೋಟ ಸುರಿದು ರಾಗವಾಗಿ ಎಳೆದಳು.

“ಲಾಭಾ… ಎರಡೂ… ಮೂರೂ…”

ಜವರಯ್ಯನ ಕೈ ನಿಂತಿತು. ಎಳೆಯುವ ರೀತಿ, ನಿಲ್ಲಿಸುವ ರೀತಿ, ಎಲ್ಲ ಅವನದೇ. ಎಂಟು ತಿಂಗಳಲ್ಲಿ ಬಿಟ್ಟುಹೋದ ಕೂಸಿಗೆ ಅದು ನೆನಪಿರುವುದು ಸಾಧ್ಯವಿಲ್ಲ ಎನ್ನುವುದು ಅವನಿಗೂ ಗೊತ್ತು.

“ಇದ್ಯಾರವ್ವ ನಿಂಗೆ ಏಳ್ಕೊಟ್ಟೋರು?”

“ತಾತ.”

“ಯಾವ್ ತಾತ?”

ಧನುಶ್ರೀ ಲೋಟ ಹಿಡಿದ ಕೈಯಲ್ಲೇ ಚಲುವಯ್ಯನನ್ನು ತೋರಿಸಿದಳು. “ಈ ತಾತ. ನಮ್ ತಾತ.”

ಎಷ್ಟು ದಿನದಿಂದ ಕಾದಿದ್ದ ಮಾತು. ಜವರಯ್ಯನ ಎದುರಿಗೇ, ಜವರಯ್ಯನ ಎಣಿಕೆಗೇ, ನಮ್ಮ ತಾತ. ಜವರಯ್ಯ ತಲೆತಗ್ಗಿಸಿ ಇನ್ನೊಂದು ಕಾಯಿ ತೆಗೆದುಕೊಂಡು ಮೆಲ್ಲಗೆ ಕೇಳಿದ.

“ನಿಮ್ ಕಡೇಲೂ ಇಂಗೇ ಎಳ್ದು ಎಣಿಸ್ತಾರಾ ಬೀಗ್ರೆ?”

ಹೂಂ ಎಂದಿದ್ದರೆ ಮುಗಿಯುತ್ತಿತ್ತು. ಜವರಯ್ಯನೇ ಬಾಗಿಲು ತೆರೆದು ಕೊಟ್ಟಿದ್ದ. ಚಲುವಯ್ಯ ಹೂಂ ಎನ್ನಲೆಂದೇ ಬಾಯಿ ತೆರೆದ. ಆದರೆ ಲ್ಯಾಬಿನಲ್ಲಿ ಪಕ್ಕದವನ ಪುಸ್ತಕಕ್ಕೆ ಕಣ್ಣು ಹಾಕಿ ಬರೆದವನು ತಲೆಯೆತ್ತಿ ಇದು ನನ್ನದೇ ರೀಡಿಂಗ್ ಸರ್ ಎನ್ನುವಾಗಿನ ಮುಖ ಅವನಿಗೆ ಚೆನ್ನಾಗಿ ಗೊತ್ತಿತ್ತು. ಆ ಮುಖ ತನಗೆ ಬರುವುದು ಬೇಡವಾಗಿತ್ತು.

“ಇಲ್ಲ ಬೀಗ್ರೆ” ಎಂದ. “ನಕಲು ಒಡ್ದೆ.”

ಜವರಯ್ಯನಿಗೆ ಅರ್ಥವಾಗಲಿಲ್ಲ. ಚಲುವಯ್ಯ ಎಲ್ಲ ಹೇಳಿದ. ಜೇಬಿನಲ್ಲಿದ್ದ ವಾಚು, ಮರಳು, ತಪ್ಪಿದ ಲೆಕ್ಕ, ಬಾಗಿಲು ಮುಂದೆ ಮಾಡಿಕೊಂಡು ಎಣಿಸಿದ್ದು, ಹೊಸಬರನ್ನು ಕಂಡು ಅಳುತ್ತಾಳೆ ಎಂದಿದ್ದು. ಗೋವಿಂದಮ್ಮ ಕಾಯಿ ಬಿಡಿಸುವುದನ್ನು ನಿಲ್ಲಿಸಲಿಲ್ಲ. ಕವನ ಅಪ್ಪನನ್ನೇ ನೋಡುತ್ತಿದ್ದಳು.

“ನನ್ನಂಗೇ ಎಣಿಸ್ತಿದ್ರಾ?” ಎಂದ ಜವರಯ್ಯ. “ದಿನಾಲೂ?”

“ದಿನಾಲೂ. ನಿಮ್ಮ ದನೀಲೇ. ಇಲ್ದಿದ್ರೆ ಮಲಗ್ತಿರ್ಲಿಲ್ಲ.”

ಜವರಯ್ಯ ಟವಲಿನಿಂದ ಮುಖ ಒರೆಸಿಕೊಂಡ. ಒರೆಸಿಕೊಳ್ಳುವುದು ಸ್ವಲ್ಪ ಹೊತ್ತು ಹಿಡಿಯಿತು.

“ಅಂಗಾದ್ರೆ ತೊಟ್ಟಿಲು ಬುಡೋಗಂಟ ಕೂಸು ನನ್ ತಾವೇ ಮಲಗ್ತಿತ್ತು ಅನ್ನಿ” ಎಂದ.

ಚಲುವಯ್ಯನ ಹೊಟ್ಟೆಯಲ್ಲಿ ಹಳೆಯ ಉರಿ ಮತ್ತೆ ಎದ್ದಿತು. ಇಷ್ಟೆಲ್ಲ ಮಾಡಿಯೂ ಕೊನೆಗೆ ಲಾಭ ಅವನಿಗೇ. ಆದರೆ ಈ ಸಲ ರೀಡಿಂಗು ಸರಿಯಾಗಿತ್ತು, ತಿದ್ದುವುದಕ್ಕೆ ಏನೂ ಇರಲಿಲ್ಲ.

“ಊಂ ಬೀಗ್ರೆ” ಎಂದ. “ನಿಮ್ ತಾವೇ.”

ಧನುಶ್ರೀ ಮೊರದ ಕಾಳನ್ನೆಲ್ಲ ಮತ್ತೆ ಕಾಳಿನ ರಾಶಿಗೆ ಸುರಿದು, ಲೋಟವನ್ನು ಜವರಯ್ಯನ ಕೈಗೆ ಕೊಟ್ಟು, ಈಗ ನೀನು ಎಣಿಸು ಎಂದಳು.